ತೋಳು ಕೂರುತ್ತಿಲ್ಲ ಎಂದು ಕಾಲೇಜು ಬಿಡಬೇಕೇ?

ಪ್ರಶ್ನೆ: ನನಗೆ 19 ವರ್ಷ. ಮನೆ ಡೊಂಬಿವಲಿ, ಊರು ಕುಂದಾಪುರದ ಹತ್ತಿರ. ಅಪ್ಪ ಹೋಟೆಲ್ ಲೈನಿನಲ್ಲಿದ್ದಾರೆ. ಹನ್ನೆರಡನೇ ಕ್ಲಾಸ್ ಕಾಮರ್ಸ್ ಮುಗಿಸಿ, ಹಟ ಮಾಡಿ ಮುಂಬೈಯ ಒಂದು ಕಾಲೇಜಿನಲ್ಲಿ ಫ್ಯಾಷನ್ ಡಿಸೈನ್ ಡಿಗ್ರಿಗೆ ಸೇರಿದೆ. ಈಗ ಎರಡನೇ ಸೆಮಿಸ್ಟರ್. ಚಿತ್ರ ಬಿಡಿಸುವುದರಲ್ಲಿ ಕ್ಲಾಸಿಗೇ ಮೊದಲು. ಆದರೆ ಗಾರ್ಮೆಂಟ್ ಕನ್‌ಸ್ಟ್ರಕ್ಷನ್‌ನಲ್ಲಿ, ಅಂದರೆ ಬಟ್ಟೆ ಕತ್ತರಿಸಿ ಹೊಲಿಯುವ ವಿಷಯದಲ್ಲಿ, ಹೋದ ಸೆಮಿಸ್ಟರ್ ಎಟಿಕೆಟಿ ಬಂತು (ಫೇಲಾದ ವಿಷಯ ಬಾಕಿ ಇಟ್ಟುಕೊಂಡೇ ಮುಂದಿನ ಸೆಮಿಸ್ಟರ್‌ಗೆ ಬಿಟ್ಟಿದ್ದಾರೆ). ಈಗ ಬಾಡಿಸ್‌ಗೆ, ಅಂದರೆ ಉಡುಪಿನ ಮೈಭಾಗಕ್ಕೆ, ತೋಳು ಕೂರಿಸಬೇಕು. ಅದೂ ಎರಡು ತೋಳು. ನಾಲ್ಕು ಸಲ ಬಿಚ್ಚಿ ಹೊಲಿದೆ. ಭುಜದ ಮೇಲೆ ನೆರಿಗೆ ಬರುತ್ತದೆ, ತೋಳು ಹಿಂದಕ್ಕೆ ತಿರುಗಿಕೊಳ್ಳುತ್ತದೆ. ಕ್ಲಾಸಿನಲ್ಲಿ ಕೆಲವರು ಹೊರಗೆ ಟೈಲರ್ ಹತ್ತಿರ ಹೊಲಿಸಿ ತಂದು ಒಳ್ಳೆ ಮಾರ್ಕ್ಸ್ ತಗೊಳ್ಳುತ್ತಾರೆ. ಡಿಸೈನರ್ ಆಗುವವಳಿಗೆ ಹೊಲಿಗೆ ಬರಲೇಬೇಕಾ? ನಾನೂ ಹೊರಗೆ ಕೊಡಲಾ? ಅಪ್ಪ ‘ಬಟ್ಟಿ ಹೊಲುಕೆ ಕಾಲೇಜ್ ಎಂತಕ್ಕೆ?’ ಅನ್ನುತ್ತಾರೆ. ಬ್ಯಾಂಕ್ ಸಾಲವೂ ಇದೆ. ನನ್ನ ಕೈಗೆ ಈ ಕೆಲಸ ಒಲಿಯುವುದಿಲ್ಲ ಅನ್ನಿಸಿಬಿಟ್ಟಿದೆ. ಬಿಟ್ಟುಬಿಡಲಾ?

ಉತ್ತರ: ನಾಲ್ಕು ಸಲ ಬಿಚ್ಚಿ ಹೊಲಿದೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ನಿಮ್ಮ ಮೇಲೆ ಭರವಸೆ ಬಂತು. ಕೈಗೆ ಒಲಿಯದವರು ಎರಡನೇ ಸಲಕ್ಕೇ ಕೈಬಿಡುತ್ತಾರೆ. ಅಂಧೇರಿಯ ಎಕ್ಸ್‌ಪೋರ್ಟ್ ಗಾಳಾಗಳಲ್ಲಿ (ಸಣ್ಣ ಕಾರ್ಖಾನೆಗಳಲ್ಲಿ) ವರ್ಷಗಟ್ಟಲೆ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ಪೇಪರ್ ಅಚ್ಚು, ಕತ್ತರಿಸಿ, ಆಮೇಲೆ ಪಾಠ ಹೇಳಲು ಬಂದವಳು ನಾನು. ತೋಳಿನ ಹತ್ತಿರ ಬಂದು ಅತ್ತ ಹುಡುಗಿಯರನ್ನು, ಹುಡುಗರನ್ನು ತುಂಬಾ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಹೊಲಿಗೆಯಲ್ಲಿ ತಪ್ಪೇ ಇರಲಿಲ್ಲ. ತಪ್ಪು ಮಷಿನ್ನಿಗೆ ಬರುವ ಮೊದಲೇ ಆಗಿರುತ್ತಿತ್ತು. ಅಳತೆಯಲ್ಲಿ, ಕತ್ತರಿಸುವುದರಲ್ಲಿ, ಇಲ್ಲವೇ ಎಡ-ಬಲ ನೋಡಿಕೊಳ್ಳುವುದರಲ್ಲಿ. ಒಂದೇ ತಪ್ಪು ತುಂಡನ್ನು ನಾಲ್ಕು ಸಲ ಹೊಲಿದರೆ ನಾಲ್ಕು ಸಲವೂ ಅದೇ ನೆರಿಗೆ ಬರುತ್ತದೆ. ಅದಕ್ಕೆ ಕೈಯನ್ನು ಬೈದು ಏನು ಮಾಡುವುದು?

ಕಾಲೇಜು ಬಿಡುವ ಮಾತು ಆಮೇಲೆ ಆಡೋಣ. ಮೊದಲು ಆ ತೋಳನ್ನು ನೋಡೋಣ.

ತೋಳು ಹಿಂದಕ್ಕೆ ತಿರುಗಿಕೊಳ್ಳುತ್ತದೆ ಎಂದಿದ್ದೀರಿ. ನನ್ನ ಮೊದಲ ಅನುಮಾನ ಇಷ್ಟೇ: ಎಡಗೈ ತೋಳು ಬಲಕ್ಕೆ, ಬಲಗೈ ತೋಳು ಎಡಕ್ಕೆ ಹೋಗಿದೆ. ನೀವು ಅಭ್ಯಾಸಕ್ಕೆ ಬಳಸುವ ಮಾಂಜರಪಾಟಿನಲ್ಲಿ (ಒರಟು ಹತ್ತಿ ಬಟ್ಟೆಯಲ್ಲಿ) ಒಳಗೂ ಹೊರಗೂ ಒಂದೇ ಥರ ಕಾಣುತ್ತದೆ, ಹಾಗಾಗಿ ಇದು ಬಹಳ ಸುಲಭವಾಗಿ ಆಗುವ ತಪ್ಪು. ನಮ್ಮ ಕೈ ಸುಮ್ಮನೆ ಇಳಿಬಿಟ್ಟಾಗ ನೇರ ಕೆಳಗೆ ಇರುವುದಿಲ್ಲ, ತುಸು ಮುಂದಕ್ಕೆ ಬಾಗಿರುತ್ತದೆ. ಅದಕ್ಕೇ ತೋಳಿನ ಮೇಲ್ಭಾಗದ ಗುಂಡನ್ನು ಮುಂದುಗಡೆ ಸ್ವಲ್ಪ ಒಳಗೆ ತೋಡಿ, ಹಿಂದುಗಡೆ ಸ್ವಲ್ಪ ತುಂಬಿಸಿ ಬರೆಯುತ್ತಾರೆ. ಅದಲುಬದಲಾದರೆ ತೋಳು ಹಿಂದಕ್ಕೆ ಓಡುತ್ತದೆ. ಮುಂದುಗಡೆಗೆ ಒಂದು ನಾಚ್ (ಅಂಚಿನಲ್ಲಿ ಹಾಕುವ ಸಣ್ಣ ಕಚ್ಚಿನ ಗುರುತು), ಹಿಂದುಗಡೆಗೆ ಎರಡು ನಾಚ್ ಹಾಕಿಸುವುದು ಇದಕ್ಕಾಗಿಯೇ. ಕತ್ತರಿಸುವಾಗ ಅವಸರದಲ್ಲಿ ನಾಚ್ ಬಿಟ್ಟಿದ್ದೀರಾ? ನೋಡಿ. ಜೊತೆಗೆ ಕತ್ತರಿಸಿದ ಕೂಡಲೇ ಪ್ರತಿ ತುಂಡಿನ ಒಳಮೈಗೆ ಚಾಕ್‌ನಲ್ಲಿ ಒಂದು ಗೀಟು ಹಾಕಿ ಇಡಿ.

ಎರಡನೆಯದು, ಬಟ್ಟೆಯ ಎಳೆ. ಹಾಸು ಎಂದರೆ ಅಂಚಿನ ಜೊತೆ ಉದ್ದಕ್ಕೆ ಓಡುವ ನೂಲು, ಹೊಕ್ಕು ಎಂದರೆ ಅಡ್ಡ ನೂಲು. ತೋಳಿನ ನಡುಗೆರೆ ಹಾಸಿನ ಮೇಲೆ ಸರಿಯಾಗಿ ಕೂರಬೇಕು. ಅಂಗಡಿಯವರು ಮಾಂಜರಪಾಟ್ ಹರಿದು ಮಡಚಿ ಕೊಡುವಾಗಲೇ ಅದು ಸೊಟ್ಟ ಆಗಿರುತ್ತದೆ, ಗಂಜಿಯಿಂದಾಗಿ ಹಾಗೇ ನಿಂತಿರುತ್ತದೆ. ನೀವು ಅದನ್ನು ಅಂಚಿಗೆ ಅಂಚು ಸೇರಿಸಿ ಮಡಚಿ ಕತ್ತರಿಸಿದರೆ ಒಂದು ತೋಳು ನೇರ, ಇನ್ನೊಂದು ಓರೆ. ಬಟ್ಟೆಯನ್ನು ಮೊದಲು ನೆನೆಸಿ ಒಣಗಿಸಿ. ಅಡ್ಡಕ್ಕೆ ಒಂದು ಎಳೆ ಎಳೆದು ತೆಗೆಯಿರಿ, ಆ ಗೆರೆಯನ್ನು ನೋಡಿ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಜಗ್ಗಿ ಚೌಕ ಮಾಡಿಕೊಳ್ಳಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿ ಹಿಡಿಯಿರಿ. ಇದಕ್ಕೆ ಒಂದು ಗಂಟೆ ಹೋಗುತ್ತದೆ. ಆದರೆ ಈ ಒಂದು ಗಂಟೆ ಮುಂದೆ ಬಿಚ್ಚಿ ಹೊಲಿಯುವ ನಾಲ್ಕು ಗಂಟೆ ಉಳಿಸುತ್ತದೆ.

ಇನ್ನು ಭುಜದ ನೆರಿಗೆ. ತೋಳಿನ ಗುಂಡು ಕಂಕುಳಿನ ಸುತ್ತಳತೆಗಿಂತ ಸ್ವಲ್ಪ ದೊಡ್ಡದಾಗಿಯೇ ಇರಬೇಕು, ಸಾಮಾನ್ಯವಾಗಿ ಒಂದರಿಂದ ಒಂದೂವರೆ ಇಂಚು. ಕಂಕುಳು 17 ಇಂಚು ಇದ್ದರೆ ತೋಳಿನ ಗುಂಡು 18ಕಾಲು ಇರಬಹುದು. ಆ ಜಾಸ್ತಿ ಬಟ್ಟೆಯನ್ನು ನೆರಿಗೆ ಕಾಣದ ಹಾಗೆ ಒಳಗೆ ಅಡಗಿಸುವುದೇ ಈ ಪಾಠ. ಆದರೆ ಅಳೆಯುವಲ್ಲಿ ಒಂದು ಬಲೆ ಇದೆ. ಟೇಪನ್ನು ಕತ್ತರಿಸಿದ ಅಂಚಿನ ಮೇಲೆ ಇಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ. ಕಂಕುಳು ಒಳಬಾಗಿದ ಗೆರೆ, ಅಲ್ಲಿ ಅಂಚು ಹೊಲಿಗೆಯ ಗೆರೆಗಿಂತ ಗಿಡ್ಡ. ತೋಳಿನ ಗುಂಡು ಹೊರಬಾಗಿದ್ದು, ಅಲ್ಲಿ ಅಂಚು ಹೊಲಿಗೆಯ ಗೆರೆಗಿಂತ ಉದ್ದ. ಒಂದೆರಡು ಇಂಚು ವ್ಯತ್ಯಾಸ ಸುಲಭವಾಗಿ ಬಂದುಬಿಡುತ್ತದೆ. ತೋಳು ದೊಡ್ಡದಾಯಿತು ಎಂದುಕೊಂಡು ಮಕ್ಕಳು ಗುಂಡನ್ನು ಸವರಿಬಿಡುತ್ತಾರೆ, ಅಲ್ಲಿಗೆ ಆ ತುಂಡಿನ ಕಥೆ ಮುಗಿಯಿತು. ಪೇಪರ್ ಪ್ಯಾಟರ್ನ್ ಮೇಲೆ, ಹೊಲಿಗೆಯ ಗೆರೆಯಲ್ಲಿ, ಟೇಪನ್ನು ಮಲಗಿಸದೆ ಅದರ ಅಂಚಿನ ಮೇಲೆ ನಿಲ್ಲಿಸಿ ಅಳೆಯಿರಿ.

ಅಳತೆ ಸರಿ ಇದ್ದೂ ನೆರಿಗೆ ಬರುತ್ತಿದ್ದರೆ ಆಗ ಅದು ಕೈಕೆಲಸ. ಒಂದು ನಾಚ್‌ನಿಂದ ಇನ್ನೊಂದು ನಾಚ್‌ವರೆಗೆ ಗುಂಡಿನ ಮೇಲೆ ಎರಡು ಸಾಲು ಉದ್ದ ಹೊಲಿಗೆ ಹಾಕಿ, ಬಾಬಿನ್ ದಾರ (ಕೆಳಗಿನ ದಾರ) ಎಳೆದು, ಗುಂಡು ಸಣ್ಣ ಬಟ್ಟಲಿನ ಥರ ಆಗುವವರೆಗೆ ಬಟ್ಟೆಯನ್ನು ಹಂಚಿ. ಭುಜದ ತುದಿಯಲ್ಲಿ ಅರ್ಧ ಇಂಚಿನಷ್ಟು ಜಾಗದಲ್ಲಿ ಏನೂ ಸೇರಿಸಬೇಡಿ, ಅದು ಸಪಾಟಾಗಿಯೇ ಇರಲಿ. ಆಮೇಲೆ ಕೈಯಲ್ಲಿ ಕಚ್ಚಾ ಹೊಲಿಗೆ. ಮಷಿನ್ನಿಗೆ ಇಡುವಾಗ ತೋಳು ಕೆಳಗೆ, ಬಾಡಿಸ್ ಮೇಲೆ ಬರಲಿ. ಮಷಿನ್ನಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ತುಸು ಜಾಸ್ತಿ ಎಳೆದುಕೊಳ್ಳುತ್ತವೆ, ಆ ಜಾಸ್ತಿ ಬಟ್ಟೆ ಅಲ್ಲೇ ಕರಗುತ್ತದೆ. ಇನ್ನೊಂದು ಮಾತು: ಗಟ್ಟಿ ಪಾಪ್ಲಿನ್ ಅಥವಾ ಪಾಲಿಯೆಸ್ಟರ್ ಇದ್ದರೆ ಎಂಥ ಮಾಸ್ಟರ್‌ಗೂ ಕಷ್ಟ. ಕಲಿಯುವಾಗ ಮೆತ್ತನೆಯ ಕಾಟನ್ ಹಿಡಿಯಿರಿ.

ನಾನು ಕೆಲಸ ಕಲಿತ ಗಾಳಾದಲ್ಲಿ ಒಬ್ಬರು ವಯಸ್ಸಾದ ಮಾಸ್ಟರ್‌ಜಿ ಇದ್ದರು. ತೋಳು ಹೊಲಿಯುವ ಮೊದಲು ಭುಜದ ತುದಿಯಲ್ಲಿ ಒಂದೇ ಒಂದು ಪಿನ್ ಚುಚ್ಚಿ, ತೋಳನ್ನು ಡಮ್ಮಿಯ (ಬಟ್ಟೆ ತೊಡಿಸಿ ನೋಡುವ ಗೊಂಬೆಯ) ಮೇಲೆ ಇಳಿಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದರು. ತೋಳು ಯಾವ ಕಡೆ ವಾಲುತ್ತದೆ ಅಂತ. ಹಿಂದಕ್ಕೆ ವಾಲಿದರೆ ಪಿನ್ ತೆಗೆದು ಕಾಲು ಇಂಚು ತಿರುಗಿಸಿ ಮತ್ತೆ ಚುಚ್ಚುತ್ತಿದ್ದರು. ಮಾತೇ ಇಲ್ಲ. ಅವರಿಂದ ನಾನು ಕಲಿತ ಅತಿ ದೊಡ್ಡ ಪಾಠ ಆ ಒಂದು ಪಿನ್. ನಿಮ್ಮ ಕಾಲೇಜಿನಲ್ಲೂ ಡಮ್ಮಿ ಇರುತ್ತದೆ. ನಾಳೆಯೇ ಮಾಡಿ ನೋಡಿ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಡಿಸೈನರ್‌ಗೆ ಹೊಲಿಗೆ ಬರಲೇಬೇಕಾ? ಬೇಡ ಅನ್ನುವವರ ಮಾತಿನಲ್ಲಿ ಅರ್ಧ ನಿಜ ಇದೆ. ಕಂಪನಿಯಲ್ಲಿ ಡಿಸೈನರ್ ದಿನಾ ಮಷಿನ್ ಮುಂದೆ ಕೂರುವುದಿಲ್ಲ. ಸ್ಯಾಂಪಲ್ ಟೈಲರ್ ಬೇರೆ, ಪ್ಯಾಟರ್ನ್ ಮಾಸ್ಟರ್ ಬೇರೆ. ಆದರೆ ಸ್ಯಾಂಪಲ್ ಬಂದಾಗ ಅದು ಯಾಕೆ ಎಳೆಯುತ್ತಿದೆ, ಎಲ್ಲಿ ಎಷ್ಟು ಬಿಡಬೇಕು ಎಂದು ಹೇಳುವವರು ನೀವೇ. ‘ಸ್ವಲ್ಪ ಚೆನ್ನಾಗಿ ಕೂರಿಸಿ’ ಎಂದರೆ ಕಾರೀಗರ್ ಏನು ಮಾಡಬೇಕು? ‘ಕಂಕುಳು ಅರ್ಧ ಇಂಚು ಇಳಿಸಿ, ಹಿಂಭಾಗದಲ್ಲಿ ಕಾಲು ಇಂಚು ಬಿಡಿ’ ಎಂದರೆ ಕೆಲಸ ಮುಂದೆ ಹೋಗುತ್ತದೆ. ಒಮ್ಮೆ ಒಬ್ಬ ಹೊಸ ಡಿಸೈನರ್ ಒಂದು ಡ್ರೆಸ್ಸಿನ ಚಿತ್ರ ತಂದಿದ್ದಳು. ಬಹಳ ಚಂದ. ಎತ್ತರದ ಕಾಲರ್, ಕತ್ತಿಗೆ ಅಂಟಿಕೊಂಡ ಹಾಗೆ, ಸುತ್ತು 14 ಇಂಚು. ಜಿಪ್ ಇಲ್ಲ, ಬಟನ್ ಇಲ್ಲ, ಬಟ್ಟೆ ಹಿಗ್ಗುವಂಥದ್ದಲ್ಲ. ಮಾಸ್ಟರ್‌ಜಿ ಚಿತ್ರ ನೋಡಿ ಮೆಲ್ಲಗೆ ಕೇಳಿದರು: ‘ಮೇಡಂ, ಸಿರ್ ಕಹಾಂ ಸೇ ಜಾಯೇಗಾ?’ ತಲೆ ಎಲ್ಲಿಂದ ಹೋಗುತ್ತದೆ ಅಂತ. ದೊಡ್ಡವರ ತಲೆಯ ಸುತ್ತಳತೆ 22 ಇಂಚಿನ ಆಸುಪಾಸು ಇರುತ್ತದೆ. ಆ ಹುಡುಗಿಯ ಮುಖ ಇಳಿದುಹೋಯಿತು. ಚಿತ್ರದಲ್ಲಿ ಅವಳಷ್ಟು ಜಾಣರು ಆ ಆಫೀಸಿನಲ್ಲಿ ಇರಲಿಲ್ಲ. ಅವಳಿಗೆ ಕಾಲೇಜಿನಲ್ಲಿ ಯಾರೋ ಹೊಲಿದುಕೊಟ್ಟಿದ್ದರು, ಅಷ್ಟೇ.

ಸ್ಪೇನಿನ ಬಲೆನ್ಸಿಯಾಗಾ ಹೆಸರು ನಿಮಗೆ ಫ್ಯಾಷನ್ ಹಿಸ್ಟರಿಯಲ್ಲಿ ಬಂದಿರುತ್ತದೆ. ಅವರ ತಾಯಿ ಬಟ್ಟೆ ಹೊಲಿದು ಸಂಸಾರ ಸಾಗಿಸಿದವರು. ಮಗ ಪ್ಯಾರಿಸ್ಸಿನಲ್ಲಿ ಅಷ್ಟು ದೊಡ್ಡ ಹೆಸರಾದ ಮೇಲೂ ತೋಳು ಮನಸ್ಸಿಗೆ ಬರದಿದ್ದರೆ ತಾವೇ ಬಿಚ್ಚಿ ಮತ್ತೆ ಕೂರಿಸುತ್ತಿದ್ದರು. ನಿಮ್ಮ ನಾಲ್ಕು ಸಲವನ್ನು ಆ ಲೆಕ್ಕದಲ್ಲಿ ನೋಡಿ.

ಈಗೆಲ್ಲ ಕಂಪ್ಯೂಟರೇ ಪ್ಯಾಟರ್ನ್ ಮಾಡುತ್ತದೆ ಎಂಬ ಮಾತೂ ಕೇಳಿರುತ್ತೀರಿ. ಗರ್ಬರ್, ಲೆಕ್ಟ್ರಾ, ಕ್ಲೋ 3ಡಿ ಎಲ್ಲ ಇವೆ, ಕಲಿಯಲೇಬೇಕು. ಆದರೆ ನೀವು ತಪ್ಪು ಗುಂಡು ಬರೆದರೆ ಅವು ತಪ್ಪು ಗುಂಡನ್ನೇ ಅಚ್ಚುಕಟ್ಟಾಗಿ ತೋರಿಸುತ್ತವೆ. ನೋಡಿ ಗುರುತಿಸುವ ಕಣ್ಣು ನಿಮ್ಮದೇ ಆಗಬೇಕು.

ಹೊರಗೆ ಟೈಲರ್‌ಗೆ ಕೊಡುವ ವಿಷಯ. ನೈತಿಕತೆಯ ಪಾಠ ನಾನು ಹೇಳುವುದಿಲ್ಲ, ಆಗುವುದೇನು ಅಂತ ಹೇಳುತ್ತೇನೆ. ರಸ್ತೆ ಬದಿಯ ಟೈಲರ್ ತೋಳಿನ ಗುಂಡನ್ನು ತಗ್ಗಾಗಿ ಕತ್ತರಿಸುತ್ತಾನೆ, ಹೆಚ್ಚುವರಿ ಬಟ್ಟೆ ಬಿಡುವುದೇ ಇಲ್ಲ. ಪಕ್ಕದ ಹೊಲಿಗೆ ಹಾಕುವ ಮೊದಲೇ ತೋಳನ್ನು ಚಪ್ಪಟೆಯಾಗಿ ಸೇರಿಸಿ, ಆಮೇಲೆ ತೋಳಿನಿಂದ ಸೊಂಟದವರೆಗೆ ಒಂದೇ ಎಳೆತದಲ್ಲಿ ಮುಚ್ಚಿಬಿಡುತ್ತಾನೆ. ಕುರ್ತಾಗೆ ಅದು ಒಳ್ಳೆಯ ಪದ್ಧತಿ. ಕೈ ಎತ್ತಲು ಆರಾಮ, ಬೇಗ ಆಗುತ್ತದೆ. ಕೈ ಇಳಿಸಿದಾಗ ಕಂಕುಳಲ್ಲಿ ಮಡಿಕೆ ಬೀಳುತ್ತದೆ, ಅಷ್ಟೇ. ಆದರೆ ನಿಮ್ಮ ಸಿಲೆಬಸ್ ಕೇಳುವ ತೋಳು ಅದಲ್ಲ. ಎತ್ತರದ ಗುಂಡಿನ, ನೇರ ಇಳಿಯುವ ತೋಳು. ಒಳಮೈ ತಿರುಗಿಸಿ ಹೊಲಿಗೆ ಯಾವ ಕ್ರಮದಲ್ಲಿ ಬಿದ್ದಿದೆ ಎಂದು ನೋಡಿದರೆ ನನಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ನಿಮ್ಮ ಟೀಚರ್‌ಗೂ ಗೊತ್ತಾಗುತ್ತದೆ, ಇವತ್ತಲ್ಲದಿದ್ದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ). ದುಡ್ಡಂತೂ ಹೋಗುತ್ತದೆ. ಕೊನೆಯ ವರ್ಷದ ಕಲೆಕ್ಷನ್‌ಗೆ ಹೊರಗಿನ ಸಹಾಯಕ್ಕೆ ಕೆಲವು ಕಾಲೇಜುಗಳು ಒಪ್ಪುತ್ತವೆ. ಅದನ್ನು ಕೇಳಿ, ಹೇಳಿ ಮಾಡಬಹುದು. ಮೊದಲ ವರ್ಷದ ಕೈಕೆಲಸವನ್ನು ಮಾತ್ರ ಯಾರಿಗೂ ಕೊಡಬೇಡಿ.

ನಿಮ್ಮ ಕ್ಲಾಸಿನಲ್ಲಿ ಸರಾಗವಾಗಿ ಹೊಲಿಯುವವರ ಮನೆಯಲ್ಲಿ ಮಷಿನ್ ಇದೆಯಾ ಅಂತ ಒಮ್ಮೆ ವಿಚಾರಿಸಿ. ಹೆಚ್ಚಾಗಿ ಇರುತ್ತದೆ. ಅಮ್ಮನೋ ಚಿಕ್ಕಮ್ಮನೋ ಬ್ಲೌಸ್ ಹೊಲಿಯುತ್ತಿರುತ್ತಾರೆ. ಅವರು ಕಾಲೇಜಿಗೆ ಬರುವಾಗಲೇ ನೂರಾರು ಗಂಟೆ ಮುಂದಿರುತ್ತಾರೆ. ನಿಮಗೆ ವಾರಕ್ಕೆ ಸಿಗುವುದು ಲ್ಯಾಬಿನ ಕೆಲವು ಗಂಟೆ, ಅದರಲ್ಲೂ ಮಷಿನ್ನಿಗೆ ಪಾಳಿ. ಅದೂ ನಿಮಿಷಕ್ಕೆ 5000 ಹೊಲಿಗೆವರೆಗೆ ಓಡಬಲ್ಲ ಜುಕಿ ಥರದ ಮಷಿನ್. ಹೊಸಬರ ಕಾಲು ಅದರ ಮೇಲೆ ನಡುಗುವುದು ಸಹಜ. ಸರ್ವೋ ಮೋಟರ್ ಇದ್ದರೆ ಅದರ ವೇಗ ಇಳಿಸಬಹುದು, ಲ್ಯಾಬ್ ಅಸಿಸ್ಟೆಂಟ್‌ಗೆ ಹೇಳಿ ಇಳಿಸಿಕೊಳ್ಳಿ. ನಾಚಿಕೆ ಬೇಡ. ದಾರ ಹಾಕದೆ ಹಳೆ ನೋಟ್‌ಬುಕ್ಕಿನ ಹಾಳೆ ಮೇಲೆ ಗೆರೆ, ಸುತ್ತು, ಮೂಲೆ ಹೊಲಿದು ಅಭ್ಯಾಸ ಮಾಡಿ. ಮನೆಯಲ್ಲಿ ಜಾಗ ಇಲ್ಲದಿದ್ದರೂ ಸೂಜಿ-ದಾರ ಸಾಕು. ಅರ್ಧ ಅಳತೆಯ ಬಾಡಿಸ್ ಮತ್ತು ತೋಳನ್ನು ಕೈಯಲ್ಲಿ ಹೊಲಿದರೆ ಬಟ್ಟೆ ಹೇಗೆ ತಿರುಗುತ್ತದೆ ಎಂಬುದು ಮಷಿನ್‌ಗಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಅಪ್ಪನ ಹತ್ತಿರ ಹಳೆಯ ಬಿಳಿ ಶರ್ಟ್ ಇರುತ್ತದೆ ಅಲ್ವಾ, ಕಾಲರ್ ಸವೆದದ್ದು? ಅದನ್ನು ಕೇಳಿ ತಗೊಳ್ಳಿ. ಬಲ ಅರ್ಧವನ್ನು ಮಾತ್ರ ಪೂರ್ತಿ ಬಿಚ್ಚಿ. ಎಡ ಅರ್ಧ ಹಾಗೇ ಇರಲಿ. ಬಿಚ್ಚಿದ ತುಂಡುಗಳನ್ನು ಇಸ್ತ್ರಿ ಮಾಡಿ ಬ್ರೌನ್ ಪೇಪರ್ ಮೇಲೆ ಬರೆದುಕೊಳ್ಳಿ. ಮತ್ತೆ ಎಡಗಡೆ ನೋಡಿಕೊಂಡು ಬಲಗಡೆ ಜೋಡಿಸಿ. ನನ್ನ ಕ್ಲಾಸಿನಲ್ಲಿ ಇದನ್ನು ಮಾಡಿಸಿದಷ್ಟು ಲಾಭ ಬೇರೆ ಯಾವುದರಿಂದಲೂ ಆಗಿಲ್ಲ.

ಶರ್ಟ್ ಕೇಳುವಾಗ ಅಪ್ಪನ ಜೊತೆ ಮಾತೂ ಆಗಲಿ. ಅವರ ಪ್ರಶ್ನೆ ತಪ್ಪಲ್ಲ. ಊರಿನ ಒಳ್ಳೆ ಟೈಲರ್ ಪೇಪರ್ ಇಲ್ಲದೆ ನೇರ ಬಟ್ಟೆ ಮೇಲೆ ಗುರುತು ಹಾಕಿ ಕತ್ತರಿಸುತ್ತಾನೆ. ಆ ವಿದ್ಯೆಗೆ ನಾನು ಕೈಮುಗಿಯುತ್ತೇನೆ. ಆದರೆ ಅವನು ಎದುರಿಗೆ ನಿಂತ ಒಬ್ಬರಿಗೆ ಹೊಲಿಯುತ್ತಾನೆ. ಎಕ್ಸ್‌ಪೋರ್ಟ್ ಗಾಳಾದಲ್ಲಿ ಎದುರಿಗೆ ಯಾರೂ ನಿಲ್ಲುವುದಿಲ್ಲ. ಒಂದೇ ಡಿಸೈನ್ ಸೈಜ್ 34ರಿಂದ 42ರವರೆಗೆ, ನೂರಾರು ಪೀಸ್, ಎಲ್ಲ ಒಂದೇ ಥರ ಬರಬೇಕು. ಎಷ್ಟು ಮೀಟರ್ ಬಟ್ಟೆ ಹಿಡಿಯುತ್ತದೆ, ಒಗೆದರೆ ಎಷ್ಟು ಕುಗ್ಗುತ್ತದೆ, ಎಷ್ಟು ಹೊತ್ತು ಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿರಬೇಕು. ಕಾಲೇಜು ಕಲಿಸಬೇಕಾದದ್ದು ಇದನ್ನು. ಹೋಟೆಲ್‌ನವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆಗೆ ಸಾರು ಮಾಡುವುದು ಬೇರೆ, ದಿನಕ್ಕೆ ಐನೂರು ಪ್ಲೇಟಿಗೆ ಒಂದೇ ರುಚಿಯ ಸಾಂಬಾರ್ ಇಳಿಸುವುದು ಬೇರೆ. ಗೋವಾದ ಹೆಸರಾಂತ ಡಿಸೈನರ್ ವೆಂಡೆಲ್ ರಾಡ್ರಿಕ್ಸ್ ಕೂಡ ಮೊದಲು ಕೇಟರಿಂಗ್ ಕಲಿತು ಮಸ್ಕತ್‌ನಲ್ಲಿ ಆ ಲೈನಿನಲ್ಲೇ ದುಡಿದವರು. ಆ ದುಡಿಮೆಯ ದುಡ್ಡಿನಲ್ಲಿ ಫ್ಯಾಷನ್ ಓದಿದರು, 2014ರಲ್ಲಿ ಪದ್ಮಶ್ರೀ ಬಂತು. ಇದನ್ನು ಅಪ್ಪನಿಗೆ ಹೇಳಿ.

ಬಿಡುವ ವಿಚಾರಕ್ಕೆ ಬರುತ್ತೇನೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಈಗ ಬಿಡಬೇಡಿ. ಎಟಿಕೆಟಿ ಒಂದು ವಿಷಯದ್ದು, ಮತ್ತೆ ಬರೆಯಬಹುದು. ಮೇಲೆ ಹೇಳಿದಂತೆ ಎರಡು ಮೂರು ತಿಂಗಳು ಶ್ರದ್ಧೆಯಿಂದ ಮಾಡಿ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಬ್ರೌನ್ ಪೇಪರ್ ರೋಲ್ ಹಿಡಿದು ನಿಂತು ಬಂದು, ರಾತ್ರಿ ಮತ್ತೆ ಸೂಜಿ ಹಿಡಿಯುವುದು ಸುಲಭವಲ್ಲ. ಬೇರೆ ವಿಷಯಗಳು ಹಿಂದೆ ಬೀಳಬಹುದು. ಅದಕ್ಕೆ ದಿನಾ ಬೇಡ, ವಾರಕ್ಕೆ ಮೂರು ದಿನ ಒಂದೊಂದು ಗಂಟೆ ಸಾಕು.

ಅಷ್ಟು ಮಾಡಿಯೂ ತೋಳು ಕೂರದೆ ಇರಬಹುದು. ಅದಕ್ಕಿಂತ ಮುಖ್ಯ, ಕೂತರೂ ಅದು ನಿಮಗೆ ಖುಷಿ ಕೊಡದೆ ಇರಬಹುದು. ಆಗ ದಾರಿ ಬದಲಿಸುವುದು ಸೋಲಲ್ಲ. ಚಿತ್ರ ನಿಮ್ಮ ಬಲ, ಹಾಗಾಗಿ ಟೆಕ್ಸ್‌ಟೈಲ್ ಡಿಸೈನ್ ಅಥವಾ ಫ್ಯಾಷನ್ ಕಮ್ಯುನಿಕೇಷನ್ ನೋಡಬಹುದು. ಆದರೆ ಟೆಕ್ಸ್‌ಟೈಲ್‌ನಲ್ಲಿ ಚಿತ್ರ ಒಂದೇ ಇಲ್ಲ. ಮಗ್ಗ ಇದೆ, ಬಣ್ಣದ ಕೆಮಿಸ್ಟ್ರಿ ಇದೆ, ಒಂದು ಹೂವನ್ನು ಅಂಚು ಕಾಣದಂತೆ ಮತ್ತೆ ಮತ್ತೆ ಜೋಡಿಸುವ ಲೆಕ್ಕ ಇದೆ. ಹೊಲಿಗೆಯಿಂದ ತಪ್ಪಿಸಿಕೊಳ್ಳಲು ಮಾತ್ರ ಅಲ್ಲಿಗೆ ಹೋಗಬೇಡಿ. ಖಾರ್‌ಘರ್‌ನ ನಿಫ್ಟ್‌ನಂಥ (ಕೇಂದ್ರ ಸರ್ಕಾರದ ಫ್ಯಾಷನ್ ಸಂಸ್ಥೆ) ಕಡೆ ಹೊಸದಾಗಿ ಪ್ರವೇಶ ಪರೀಕ್ಷೆ ಬರೆಯಬೇಕು, ಡಿಸೈನ್ ಡಿಗ್ರಿ ನಾಲ್ಕು ವರ್ಷ. ಅಂದರೆ ಕಳೆದ ವರ್ಷ ಕೈಬಿಟ್ಟ ಹಾಗೆ. ಬಟ್ಟೆಯ ವ್ಯಾಪಾರ ಇಷ್ಟವಿದ್ದರೆ ನಿಮ್ಮ ಕಾಮರ್ಸ್ ಮರ್ಚಂಡೈಸಿಂಗ್‌ನಲ್ಲಿ ಕೆಲಸಕ್ಕೆ ಬರುತ್ತದೆ, ಅದಕ್ಕೆ ಡಿಗ್ರಿ ಮುಗಿದ ಮೇಲೂ ಹೋಗಬಹುದು.

ಇನ್ನೊಂದು ದಾರಿ ಐಟಿಐ. ಡ್ರೆಸ್ ಮೇಕಿಂಗ್, ಸೀವಿಂಗ್ ಟೆಕ್ನಾಲಜಿ, ಫ್ಯಾಷನ್ ಡಿಸೈನ್ ಆ್ಯಂಡ್ ಟೆಕ್ನಾಲಜಿ ಎಂಬ ಒಂದೊಂದು ವರ್ಷದ ಟ್ರೇಡ್‌ಗಳಿವೆ. ಸರ್ಕಾರಿ ಐಟಿಐನಲ್ಲಿ ಫೀಸು ಕಡಿಮೆ, ಕೈ ಚೆನ್ನಾಗಿ ಪಳಗುತ್ತದೆ. ಬೇಗ ದುಡಿಯಬೇಕು ಎನ್ನುವವರಿಗೆ ನಾನೇ ಹೇಳಿ ಕಳಿಸಿದ್ದೇನೆ. ಆದರೆ ಕೈಯಲ್ಲಿ ಡಿಗ್ರಿ ಇರುವುದಿಲ್ಲ. ಡಿಸೈನರ್ ಹುದ್ದೆಗೆ ಅರ್ಜಿ ಹಾಕುವಾಗ ಅದು ತಡೆಯಾಗಬಹುದು.

ಬಿಡಲೇಬೇಕು ಎಂದು ತೀರ್ಮಾನ ಆದರೆ ಎರಡು ಕೆಲಸ ಮೊದಲು ಮಾಡಿ. ಹೊಸ ಶಿಕ್ಷಣ ನೀತಿಯಲ್ಲಿ ಒಂದು ವರ್ಷ ಮುಗಿಸಿದವರಿಗೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ತಗೊಂಡು ಹೊರಬರುವ ಅವಕಾಶ ಇದೆ. ನಿಮ್ಮ ಕೋರ್ಸ್ ಅದರಡಿ ಬರುತ್ತದೆಯೇ, ಅದಕ್ಕೆ ಇನ್ನೂ ಎಷ್ಟು ಕ್ರೆಡಿಟ್ ಬೇಕು ಎಂದು ಕಾಲೇಜಿನ ಆಫೀಸಿನಲ್ಲಿ ಬರಹದಲ್ಲೇ ಕೇಳಿ. ಎಟಿಕೆಟಿ ಬಾಕಿ ಇದ್ದರೆ ಅದನ್ನು ಮುಗಿಸಿಯೇ ಹೊರಡಿ. ಹಾಗೆಯೇ ಬ್ಯಾಂಕಿಗೆ ಹೋಗಿ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ಮೇಲೆ ಶುರುವಾಗುತ್ತದೆ. ನಡುವೆ ಬಿಟ್ಟರೆ ಆ ಲೆಕ್ಕ ಬದಲಾಗುತ್ತದೆ. ಅಪ್ಪನಿಗೆ ಅದು ನೋಟಿಸಿನಿಂದ ತಿಳಿಯುವ ಹಾಗೆ ಆಗಬಾರದು.

ಮಾಂಜರಪಾಟ್ ಕಾಲೇಜಿನ ಹತ್ತಿರದ ಅಂಗಡಿಯಲ್ಲಿ ತಗೋಬೇಡಿ, ಜಾಸ್ತಿ ಬೀಳುತ್ತದೆ. ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಳಿದು ಮಂಗಳದಾಸ್ ಮಾರ್ಕೆಟ್‌ಗೆ ನಡೆದು ಹೋಗಿ, ಭಾನುವಾರ ಬಿಟ್ಟು. ಐದಾರು ಮೀಟರ್ ಒಟ್ಟಿಗೆ ತನ್ನಿ. ಈಗಿರುವ ನಾಲ್ಕು ಸಲ ಬಿಚ್ಚಿದ ತೋಳನ್ನು ಇನ್ನು ಬಿಚ್ಚಬೇಡಿ, ಅದರ ಅಂಚು ಹಿಗ್ಗಿಹೋಗಿರುತ್ತದೆ. ಅದನ್ನು ಹಾಗೇ ಇಟ್ಟುಕೊಂಡು ಹೊಸ ಜೋಡಿ ಕತ್ತರಿಸಿ, ಎರಡನ್ನೂ ಒಟ್ಟಿಗೆ ತಗೊಂಡು ಹೋಗಿ ಟೀಚರ್ ಮುಂದೆ ಇಡಿ. ಮಾರ್ಕ್ಸ್ ಕೇಳಬೇಡಿ. ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಲು ಕೇಳಿ.